ಕೇಳಿಸಿಕೊಳ್ಳುವ ಸ್ಪೀಕರ್ ಹುಡುಕಿಕೊಂಡು

"ಈ ಟೀಚರ್ ಟಿವಿ ಒಳಗಿನವರಂಗ ಮಾತಾಡ್ತಾರ."

ಬೀದರ್ ಜಿಲ್ಲೆಯಲ್ಲಿ ನಾನು ಪಾಠ ಮಾಡಿದ ಮೊದಲ ದಿನ ಮೂರನೇ ತರಗತಿಯ ಸವಿತಾ ಎಂಬ ಹುಡುಗಿ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಇದು. ಕಿವಿಯಲ್ಲಿ ಅಂದೆನಲ್ಲ, ಇಡೀ ಕೋಣೆಗೆ ಕೇಳಿಸಿತು. ನಾನು ಆಗಷ್ಟೇ "ಯಾರಿಗೆ ಅರ್ಥ ಆಗ್ಲಿಲ್ಲ? ಕೈ ಎತ್ತಿ" ಅಂದಿದ್ದೆ. ಒಂದು ಕೈಯೂ ಏಳಲಿಲ್ಲ. "ಹಾಗಾದ್ರೆ ಯಾರಿಗೆಲ್ಲ ಅರ್ಥ ಆಯ್ತು?" ಅಂದೆ. ಆಗಲೂ ಏಳಲಿಲ್ಲ. ಮಕ್ಕಳು ನನ್ನ ತುಟಿಗಳನ್ನೇ ನೋಡುತ್ತಾ ಕೂತಿದ್ದರು.

ಮದ್ದೂರು ಬಿಡುವಾಗ ಬಂಧುಗಳೆಲ್ಲ ಹೆದರಿಸಿದ್ದರು. ಅಲ್ಲಿ ಉರ್ದುವಂತೆ, ಮರಾಠಿಯಂತೆ, ತೆಲುಗೂ ಇದೆಯಂತೆ, ಹೆಂಗೆ ಬಾಳ್ವೆ ಮಾಡ್ತೀಯ ಎಂದು. ಕಲಿತುಕೊಳ್ತೀನಿ ಬಿಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದೆ. ಆದರೆ ಕನ್ನಡವನ್ನೇ ಮತ್ತೆ ಕಲಿಯಬೇಕಾದೀತು ಎಂದು ಯಾರೂ ಎಚ್ಚರಿಸಿರಲಿಲ್ಲ. ಆ ದಿನ ನಾನು ಮಾಡಿದ್ದು ಶುದ್ಧ ಹೆಡ್ಡತನ. ಅವರಿಗೆ ಅರ್ಥವಾಗಲಿಲ್ಲ ಅಂದಮೇಲೆ ಕೇಳಿಸಿಲ್ಲ ಎಂದೇ ಲೆಕ್ಕ ಹಾಕಿ, ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. ಮರುದಿನ ಇನ್ನಷ್ಟು ಗಟ್ಟಿಯಾಗಿ. ಹೀಗೆ ಮಳೆಗಾಲ ಪೂರ್ತಿ ಕೂಗಿದೆ.

ನನ್ನ ಗಂಡ ಪ್ರಕಾಶನಿಗೆ ಭಾಲ್ಕಿಯ ಬ್ಯಾಂಕ್ ಶಾಖೆಗೆ ವರ್ಗವಾಗಿತ್ತು. ನನಗೆ ಸಂತಪುರದ ಆಚೆಯ ಸಣ್ಣ ಊರೊಂದರ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಅವನಿಗೊಂದು ದಿಕ್ಕು, ನನಗೊಂದು ದಿಕ್ಕು. ಮಧ್ಯದಲ್ಲಿರಲಿ ಎಂದು ಬೀದರಿನ ಹಳೇ ಊರಿನಲ್ಲಿ ಮನೆ ಹಿಡಿದೆವು. ಬೆಳಿಗ್ಗೆ ಔರಾದ್ ಬಸ್ಸು ಹತ್ತಿ ಸಂತಪುರದಲ್ಲಿಳಿದು, ಅಲ್ಲಿಂದ ಟಂಟಂನಲ್ಲಿ ಹೋಗಬೇಕು. ಟಂಟಂ ಎಂದರೆ ಇಲ್ಲಿನ ದೊಡ್ಡ ಹೊಟ್ಟೆಯ ಆಟೊ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತದೆ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಭತ್ತದ ಗದ್ದೆ, ಕಬ್ಬು, ನಾಲೆ ನೋಡಿಕೊಂಡು ಬೆಳೆದವಳು ನಾನು. ಇಲ್ಲಿ ತೊಗರಿ, ಸೋಯಾ, ಮತ್ತೆ ಎಲ್ಲಿ ಬೇಕಾದರೂ ಶುರುವಾಗಿ ಎಲ್ಲಿ ಬೇಕಾದರೂ ನಿಲ್ಲುವ ಕೆಂಪು ನೆಲ. ಮೊದಲ ತಿಂಗಳು ಆ ಬಯಲನ್ನು ನೋಡಿದಾಗೆಲ್ಲ ಎದೆ ಖಾಲಿಯಾದಂತೆ ಅನಿಸುತ್ತಿತ್ತು.

ನಮ್ಮದು ಮಹಡಿ ಮನೆ. ಕೆಳಗೆ ಮನೆಯ ಯಜಮಾನಿ ಜುಬೇದಾ ಖಾಲಾ, ಅವರ ಮಗ, ಸೊಸೆ. ಖಾಲಾ ಅಂದರೆ ತಾಯಿಯ ತಂಗಿ, ಚಿಕ್ಕಮ್ಮ. ಮನೆಯೊಳಗೆ ಅವರಾಡುವುದು ದಖ್ಖನಿ ಉರ್ದು. ಆದರೆ ಹುಟ್ಟಿ ಬೆಳೆದದ್ದು ಔರಾದ್ ತಾಲೂಕಿನ ಎಕಂಬಾದಲ್ಲಿ, ಹೀಗಾಗಿ ಕನ್ನಡ ಅವರ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ನಾನು ಮೊದಲ ಸಲ ರಾಗಿಮುದ್ದೆ ಕೊಟ್ಟಾಗ ಅಗಿದು ಅಗಿದು ಸಾಕಾಗಿ, "ಬೇಟಾ, ಇದು ತಿನ್ನೋದೋ, ಗ್ವಾಡಿಗಿ ಮೆತ್ತೋದೋ?" ಎಂದು ಕೇಳಿದವರು. ಗ್ವಾಡಿ ಎಂದರೆ ಗೋಡೆ. ಅಗಿಯಬಾರದು, ನುಂಗಬೇಕು ಎಂದು ನಾನು ಹೇಳಿಕೊಟ್ಟೆ. ಜೋಳದ ಖಡಕ್ ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ತಿನ್ನುವುದನ್ನು ಅವರು ನನಗೆ ಹೇಳಿಕೊಟ್ಟರು. ನನ್ನ ದವಡೆ ಉಳಿದದ್ದು ಆಮೇಲೆ.

ಚಳಿ ಶುರುವಾಗುವ ಹೊತ್ತಿಗೆ ನನ್ನ ದನಿ ಒಡೆಯಿತು. ಮೊದಲು ಸಂಜೆಗೆ ಮಾತ್ರ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ. ಒಂದು ದಿನ ಹಾಜರಿ ಕೂಗುವಾಗ ಬಾಯಿ ತೆರೆದರೆ ಬರೀ ಗಾಳಿ ಬಂತು. ಬೀದರಿನ ಗಂಟಲು ಡಾಕ್ಟರು ಮೂಗಿನೊಳಗಿಂದ ಕೊಳವೆ ಇಳಿಸಿ ನೋಡಿ, ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಎಳೆ, ಅವುಗಳ ಅಂಚಿನಲ್ಲಿ ಅಕ್ಕಿನುಚ್ಚಿನಂಥ ಗಂಟು.

"ನೋಡ್ರಿ ಮೇಡಂ, ಪೂರಾ ಬಾಯಿ ಬಂದ್. ಪಿಸುಮಾತೂ ಆಡಬ್ಯಾಡ್ರಿ. ಕರಗಿದ್ರ ಛಲೋ. ಇಲ್ಲಂದ್ರ ಹೈದರಾಬಾದಿಗಿ ಹೋಗಿ ಆಪರೇಷನ್ ಮಾಡಿಸ್ಬೇಕಾಗ್ತದ. ಆಮ್ಯಾಲ ದನಿ ಹ್ಯಾಂಗ ಬರ್ತದೋ ಹೇಳಲಾಕ ಬರಲ್ಲ."

ಅತಿಥಿ ಶಿಕ್ಷಕಿಗೆ ಅಂಥ ರಜೆ ಎಲ್ಲಿಂದ ಬರಬೇಕು? ಮುಖ್ಯೋಪಾಧ್ಯಾಯರು ಕಾಂಬಳೆ ಸರ್, ಭಾಲ್ಕಿ ತಾಲೂಕಿನ ಮೆಹಕರದವರು, ಸಿಟ್ಟು ಮಾಡುವ ಜಾತಿಯ ಮನುಷ್ಯರಲ್ಲ. ನನ್ನ ಚೀಟಿ ಓದಿ ಕನ್ನಡಕ ತೆಗೆದು ಒರೆಸಿದರು. "ಟೀಚರ್, ನಿಮ್ಮ ತಕಲೀಫ್ ನನಗ ತಿಳೀತದರಿ. ಆದ್ರ ಮಕ್ಕಳು ಮೊದಲೇ ಹಿಂದ ಅದಾರ. ಮೂರನೇ ಇಯತ್ತಾ ಖಾಲಿ ಬಿಡಲಾಕ ಬರಲ್ಲ. ಔರಾದಿನವರೊಬ್ರು ಈ ಜಾಗಾ ಕೇಳ್ಲತ್ತಾರ. ಕ್ಲಸ್ಟರ್ ಸಾಹೇಬ್ರು ಬರೋತನಾ ನಾ ಹಿಡಿತೇನಿ. ಬಂದಾಗ ಮಕ್ಕಳು ಏನರ ಕಲ್ತಾರಂತ ಕಾಣ್ಬೇಕು." ತಕಲೀಫ್ ಎಂದರೆ ತೊಂದರೆ, ಇಯತ್ತಾ ಎಂದರೆ ತರಗತಿ, ಕ್ಲಸ್ಟರ್ ಸಾಹೇಬರೆಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿ.

ಅವರು ಹೇಳಿದ್ದು ನ್ಯಾಯವೇ. ಆದರೂ ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಿಡಿದು ಅತ್ತೆ. ಆ ಕೆಲಸ ಹೋದರೆ ಬೀದರಿನಲ್ಲಿ ನನಗೇನೂ ಉಳಿಯುತ್ತಿರಲಿಲ್ಲ. ಮಹಡಿಯ ಮೇಲೆ ಬಾಯಿ ಕಟ್ಟಿಕೊಂಡು ದಿನ ದೂಡಲು ನನ್ನಿಂದ ಆಗದು, ಕೆಲಸ ಹೋದರೆ ಮದ್ದೂರಿಗೆ ಹೋಗಿಬಿಡುತ್ತೇನೆ, ನೀನೊಬ್ಬನೇ ಇರು ಎಂದು ಪ್ರಕಾಶನಿಗೆ ಮೊಬೈಲಿನಲ್ಲಿ ಬರೆದು ತೋರಿಸಿದೆ. ಬೆದರಿಕೆಗಲ್ಲ, ನಿಜವಾಗಿಯೇ ಬರೆದೆ. ಅವನಿಗೂ ಅದು ಗೊತ್ತಾಯಿತು. ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಅವನೇ ಹೇಳಿದ. "ಮಂಜು, ಒಂದು ಚಿಕ್ಕ ಬ್ಲೂಟೂತ್ ಸ್ಪೀಕರ್ ತಗೊಳ್ಳೋಣ. ಪಾಠ ರೆಕಾರ್ಡ್ ಮಾಡಿ ಹಾಕು." ಯಾರ ದನಿಯಲ್ಲಿ ಎಂದು ಕೈಸನ್ನೆ ಮಾಡಿದೆ. ಅವನು ಕೆಳಗೆ ಬೆರಳು ತೋರಿಸಿದ. ಕೆಳಗೆ ಖಾಲಾ ಹಾಲಿನವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಒಂದೊಂದು ಅಕ್ಷರವೂ ಮಹಡಿಗೆ ಬರುತ್ತಿತ್ತು.

ಸ್ಪೀಕರ್ ಕೊಳ್ಳುವುದು ಇಷ್ಟು ಫಜೀತಿಯ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಬೀದರಿನ ಅಂಗಡಿಯವನು ಚೊಂಬಿನ ಗಾತ್ರದ್ದೊಂದನ್ನು ಗಾಜಿನ ಮೇಲಿಟ್ಟು ಹಾಡು ಹಾಕಿದ. ಗಾಜು ನಡುಗಿತು, ಸ್ಪೀಕರಿನ ಸುತ್ತ ಬಣ್ಣದ ದೀಪ ಓಡಾಡಿದವು, ನಾವಿಬ್ಬರೂ ಮರುಳಾದೆವು. ಶಾಲೆಯಲ್ಲಿ ಹಚ್ಚಿದ ಕೂಡಲೇ ಅದರೊಳಗಿಂದ ಯಾವಳೋ ಒಬ್ಬಳು ಇಂಗ್ಲಿಷಿನಲ್ಲಿ ಬ್ಲೂಟೂತ್ ರೆಡಿ ಎಂದು ಸಾರಿದಳು. ಮಕ್ಕಳು ಒಕ್ಕೊರಲಿನಿಂದ ಅದನ್ನೇ ತಿರುಗಿ ಹೇಳಿದರು. ನನ್ನ ಒಂದು ವಾಕ್ಯವನ್ನೂ ಅವರು ಅಷ್ಟು ಚೆನ್ನಾಗಿ ತಿರುಗಿ ಹೇಳಿರಲಿಲ್ಲ. ಆಮೇಲೆ, ಪರೀಕ್ಷೆಗೆಂದು ನಾಲ್ಕು ಮಾತಾಡಿಸಿ ತಂದಿದ್ದ ಖಾಲಾ ಅವರ ದನಿ ಬಂತು, ಹಂಡೆಯೊಳಗೆ ಕೂತು ಮಾತಾಡಿದಂತೆ. ಹಾಡಿಗೆ ಗುಂಯ್ ಎನ್ನುವ ತಳದ ಸದ್ದು ಬೇಕು. ಮಾತಿಗೆ ಅದೇ ಶತ್ರು. ಹಿಂದಿನ ಸಾಲಿನವರು ಪಾಠ ಬಿಟ್ಟು ದೀಪಗಳನ್ನು ಹಿಡಿಯಲು ಆಟ ಕಟ್ಟಿದರು.

ಅಂಗಡಿಯವನು ಒಳ್ಳೆಯವನು, ಬದಲಿಸಿ ಕೊಡಲು ಒಪ್ಪಿದ. ಈ ಸಲ ಪ್ರಕಾಶ ಹಾಡು ಹಾಕಲು ಬಿಡಲಿಲ್ಲ. ಮೊಬೈಲಿನಲ್ಲಿ ವಾರ್ತೆ ಹಚ್ಚಿ, ನಾನು ರಸ್ತೆಯಾಚೆ ನಿಂತು, ಮಾತು ತಿಳಿದರೆ ಕೈ ಎತ್ತುವುದು ಎಂದು ಗೊತ್ತುಮಾಡಿಕೊಂಡೆವು. ಮೂರನೇ ತರಗತಿಯ ಮಕ್ಕಳಂತೆ ನಾನು ಬಹಳ ಹೊತ್ತು ಕೈ ಎತ್ತಲೇ ಇಲ್ಲ. ಕೊನೆಗೆ ಸಾಬೂನು ಪೆಟ್ಟಿಗೆಯಂಥ, ದೀಪವಿಲ್ಲದ, ಒಂದು ಬೂದು ಬಣ್ಣದ್ದು ಬಾಯಿ ತೆರೆದಾಗ ವಾರ್ತೆಯ ಪದಗಳು ಬಿಡಿಬಿಡಿಯಾಗಿ ಬಂದವು. ಅದನ್ನು ತಂದೆವು.

ಸ್ಪೀಕರಿನ ತಾಪತ್ರಯ ಮುಗಿಯಿತು ಅಂದುಕೊಂಡರೆ ಖಾಲಾ ಶುರುಮಾಡಿದರು. ನಾನು ಬರೆದುಕೊಟ್ಟ ಪಾಠವನ್ನು ಎರಡು ಸಾಲು ಓದಿ ಹಾಳೆ ಕೆಳಗಿಟ್ಟರು. ಬಾಯಾರಿದ ಆಡೊಂದು ನೀರು ಹುಡುಕಿಕೊಂಡು ಹೋಗುವ ಕಥೆ ಅದು. "ಸರೋವರ ಅಂತ ಬರ್ದೀದಿ. ನಮ್ಮ ಆಡು ಸರೋವರ ಎಲ್ಲಿ ನೋಡ್ಯದ? ಮಾಂಜ್ರಾಕ್ಕ ಹೋಗ್ತದ ಅದು. ಕಾಗದಾ ಓದು ಅಂದ್ರ ನನ್ನಿಂದ ಆಗಲ್ಲ. ಕಥಿ ಹೇಳು, ಹೇಳ್ತೇನಿ. ಆದ್ರ ದೀಪಾ ಹಚ್ಚಿದ ಮ್ಯಾಲ. ಹಗಲಿನಾಗ ಕಥಿ ಹೇಳಿದ್ರ ಮುಸಾಫಿರ್ ಹಾದಿ ತಪ್ತಾರ." ಮಾಂಜ್ರಾ ಎಂದರೆ ಇಲ್ಲಿಯ ಹೊಳೆ, ಮುಸಾಫಿರ್ ಎಂದರೆ ದಾರಿಹೋಕರು. ಈ ನಂಬಿಕೆ ಅವರಿಗೆ ಅವರ ನಾನಿಯಿಂದ, ಅಂದರೆ ತಾಯಿಯ ತಾಯಿಯಿಂದ, ಬಂದದ್ದು. ಅದರ ಮೇಲೆ ಚರ್ಚೆಯಿಲ್ಲ.

ದೀಪ ಹಚ್ಚಿದ ಮೇಲೆ ಮೊಬೈಲನ್ನು ಅವರ ಮುಂದಿಟ್ಟೆ. ಒಂದು ವಾಕ್ಯ ಹೇಳಿ ನಿಲ್ಲಿಸಿ ನನ್ನನ್ನು ನೋಡಿದರು. ನಾನೂ ನೋಡಿದೆ. "ಹೂಂ ಅನ್ನು," ಅಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. "ಅರೆ, ಹೂಂ ಅನ್ನೋರು ಇಲ್ದ ಕಥಿ ಹ್ಯಾಂಗ ಮುಂದ ಹೋಗ್ತದ? ಗ್ವಾಡಿಗಿ ಹೇಳ್ಲೇನು?" ನಮ್ಮ ಕಡೆಯೂ ಅಜ್ಜಿಯರ ಕಥೆಗೆ ಹೂಂಗುಟ್ಟುತ್ತಿದ್ದೆವು. ಆದರೆ ಅದು ನಿದ್ದೆ ಬಂದಿಲ್ಲ ಎಂದು ತೋರಿಸಲಿಕ್ಕೆ. ಇಲ್ಲಿ ಹೂಂ ಎನ್ನುವುದು ಕಥೆಗೆ ಕೊಡುವ ಅಪ್ಪಣೆ. ಕೊಡದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ.

ಬಾಯಿ ತೆರೆಯದೆ ಬರುವ ಸದ್ದು ಮಾತಲ್ಲವಲ್ಲ ಎಂದುಕೊಂಡೆ. ಮೂಗಿನಲ್ಲಿ "ಹೂಂ" ಅಂದೆ. ಖಾಲಾ ಮುಂದುವರಿದರು.

ಅಬ್ಬಾ, ಆ ಆಡಿಗೆ ಜೀವ ಬಂತು! ಸಂತಪುರದ ಬಾಜಾರಿನಲ್ಲಿ ಬೈಸಿಕೊಂಡಿತು, ಟಂಟಂ ಹತ್ತಲು ಹೋಗಿ ಒದೆ ತಿಂದಿತು, ಮಾಂಜ್ರಾ ದಂಡೆಯಲ್ಲಿ ಎಮ್ಮೆಗಳ ಜೊತೆ ಜಗಳಕ್ಕೆ ನಿಂತಿತು. ನನ್ನ ಪಾಠದ ಹೊಸ ಪದಗಳನ್ನೆಲ್ಲ ಒಂದೂ ಬಿಡದೆ ನಡುವೆ ತೂರಿಸಿದರು, ತಮ್ಮ ಮಾತಿನಲ್ಲಿ ಬಿಡಿಸಿಯೂ ಹೇಳಿದರು. ನನ್ನ ವಾಕ್ಯಗಳನ್ನು ಮುರಿದುಹಾಕಿದ್ದಕ್ಕೆ ಒಳಗೊಳಗೇ ಉರಿಯುತ್ತಿತ್ತು. ಹಾಗಲ್ಲ, ಹೀಗೆ ಎನ್ನಲು ಬಾಯಿಯೇ ಇಲ್ಲವಲ್ಲ. ಬಾಯಿಲ್ಲದವಳಿಗೆ ಪರರ ಮಾತನ್ನು ಪೂರ್ತಿ ಕೇಳುವುದೊಂದೇ ದಾರಿ.

ಮರುದಿನ ತರಗತಿಯಲ್ಲಿ ಆ ಬೂದು ಪೆಟ್ಟಿಗೆ ಮಾತಾಡಿತು. ಮಕ್ಕಳು ಮೊದಲು ತಲೆ ಎತ್ತಿದರು, ಆಮೇಲೆ ಹತ್ತಿರ ಸರಿದರು, ಆಮೇಲೆ ತಾವೂ ಹೂಂಗುಟ್ಟತೊಡಗಿದರು. ಸವಿತಾ ಥಟ್ಟನೆ ಎದ್ದು ನಿಂತು, "ಹೂಂ ಅನ್ನೋರು ನಮ್ಮ ಟೀಚರ್ ರೀ! ನಮ್ಮ ಟೀಚರ್ ಡಬ್ಬಿ ಒಳಗ ಅದಾರ!" ಅಂದಳು. ನಮ್ಮ ಟೀಚರ್ ಎಂದು ಅವಳು ಅಂದದ್ದು ಅದೇ ಮೊದಲು. ಪಾಠ ಮುಗಿದ ಮೇಲೆ ಹಲಗೆಯ ಮೇಲೆ ಪದ ಬರೆದು ತೋರಿಸಿದರೆ ಕೈಗಳು ಮೇಲೆದ್ದವು. ಖುಷಿ, ಅಸೂಯೆ ಎರಡೂ ಒಟ್ಟಿಗೇ ಬಂದವು ನನಗೆ. ಇಷ್ಟು ತಿಂಗಳು ನಾನು ಕೂಗಿ ಸತ್ತದ್ದನ್ನು ಈ ಮುದುಕಿ ಕಾಲು ಚಾಚಿ ಕೂತು ಮಾಡಿಬಿಟ್ಟರಲ್ಲ ಎಂದು.

ಹೀಗೆ ಸಂಜೆಸಂಜೆಯೂ ರೆಕಾರ್ಡಿಂಗ್ ನಡೆಯಿತು. ಕ್ಲಸ್ಟರ್ ಸಾಹೇಬರು ಮುಂದಿನ ವಾರ ಬರುತ್ತಾರೆ ಎಂಬ ಸುದ್ದಿ ಬಂತು. ನನಗೆ ಧೈರ್ಯವಿತ್ತು. ಅದೇ ಹೊತ್ತಿಗೆ ಡಾಕ್ಟರ ಬಳಿ ಎರಡನೇ ಸಲ ಹೋದೆ.

ಅವರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಮಾತಾಡ್ಲತ್ತೀರೇನ್ರಿ?" ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಕೆಮ್ಮು? ಹಾಡು?" ಇಲ್ಲ. "ಮತ್ತ್ಯಾಕ ಕಮ್ಮಿ ಆಗಿಲ್ಲ? ಬಾಜೂಕ ಇನ್ನಿಷ್ಟು ಕೆಂಪಗಾಗ್ಯದ." ಪ್ರಕಾಶ ಹಿಂಜರಿಯುತ್ತಾ, ಸಂಜೆ ಹೊತ್ತು ಬರೀ ಹೂಂ ಅಂತಾಳೆ ಸರ್ ಅಂದ. ಡಾಕ್ಟರು ಪೆನ್ನು ಕೆಳಗಿಟ್ಟರು. "ಹೂಂ ಅಂದ್ರೂ ಅದೇ ಎಳಿ ಬಡಿತಾವ್ರಿ. ಬಾಯಿ ಮುಚ್ಚಿದ್ರ ಏನಾಯ್ತು, ಗಂಟಲು ತೆರೆದೇ ಇರ್ತದಲ್ಲ. ಇನ್ನ ಒಂದ್ ಸಲ ನೋಡ್ತೇನಿ. ಆಮ್ಯಾಲ ಹೈದರಾಬಾದ್."

ಅಲ್ಲಿಂದ ಮನೆಯ ದಾರಿ ಹಿಡಿದೆವು. ಕಥೆ ಕೇಳಿ ದನಿ ಕಳಕೊಂಡ ಹೆಣ್ಣು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಖಾಲಾ ಮೇಲೆ, ಡಾಕ್ಟರ ಮೇಲೆ, ಆ ಬೂದು ಡಬ್ಬಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಮೆಟ್ಟಿಲ ಬಳಿ ಕಾದಿದ್ದ ಖಾಲಾಗೆ ಪ್ರಕಾಶನೇ ವಿಷಯ ಹೇಳಿದ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾ ಅಲ್ಲಾ. ನನ್ನ ಕಥಿಲಿಂದ ಈ ಪೋರಿ ಗಂಟಲು ಕೆಡ್ತೇನು?"

ನಾನು ಅಲ್ಲ ಎಂದು ಕೈ ಆಡಿಸಬಹುದಿತ್ತು. ಆಡಿಸಲಿಲ್ಲ. ನೇರ ಮಹಡಿ ಹತ್ತಿದೆ.

ಆ ಸಂಜೆ ಖಾಲಾ ತಾವೇ ಮೇಲೆ ಬಂದು, ಹೂಂ ಇಲ್ಲದೆಯೇ ಹೇಳುತ್ತೇನೆ ಎಂದು ಕೂತರು. ಮೂರು ಮಾತಿಗೆ ನಿಂತರು. ಮತ್ತೆ ಶುರುಮಾಡಿದರು. ಕಣ್ಣು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ತಲೆಯನ್ನಾದರೂ ಆಡಿಸಿದೆ. ಅದು ಅವರಿಗೆ ಸಾಲಲಿಲ್ಲ. ಪ್ರಕಾಶ ನಾನು ಹೂಂ ಅಂತೀನಿ ಎಂದು ಮುಂದೆ ಬಂದ. ಎಲ್ಲಿ ಬೇಡವೋ ಅಲ್ಲೆಲ್ಲ ಅಂದ, ಬೇಕಾದಲ್ಲಿ ಆಕಳಿಸಿದ. "ನಕ್ಕೊ ಬೇಟಾ, ನೀ ಬ್ಯಾಂಕಿನಾಗೇ ಹೂಂ ಅನ್ನು," ಎಂದು ಖಾಲಾ ಎದ್ದುಬಿಟ್ಟರು. ನಕ್ಕೊ ಎಂದರೆ ದಖ್ಖನಿಯಲ್ಲಿ ಬೇಡ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಯಾರಿಗೂ ನಗು ಬರಲಿಲ್ಲ.

ಸಾಹೇಬರು ಬರುವುದು ಸೋಮವಾರ. ಹೊಸ ಪಾಠಕ್ಕೆ ದನಿಯೇ ಇಲ್ಲ. ಹಳೆಯದನ್ನೇ ಹಾಕಿದರೆ ಮಕ್ಕಳು ಬಾಯಿಪಾಠ ಒಪ್ಪಿಸಿಬಿಡುತ್ತಾರೆ, ಕಲಿತರೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಶುಕ್ರವಾರ ತರಗತಿಯಲ್ಲಿ ಹಳೇ ಪಾಠಕ್ಕೆ ಮಕ್ಕಳು ಹೂಂಗುಟ್ಟುವುದನ್ನು ಕೇಳುತ್ತಾ ಕೂತಿದ್ದಾಗ ಹೊಳೆಯಿತು. ಹೂಂ ಅನ್ನುವವರು ಇಲ್ಲಿದ್ದಾರೆ, ಕಥೆ ಹೇಳುವವರು ಅಲ್ಲಿದ್ದಾರೆ. ಇಬ್ಬರನ್ನೂ ಕೂಡಿಸಿದರೆ ಸಾಕಲ್ಲ. ಖಾಲಾ ಫೋನಿನಲ್ಲಿ ನೇರವಾಗಿ ಹೇಳಲಿ. ಆದರೆ ಮಕ್ಕಳ ಹೂಂ ಅವರಿಗೆ ಹೇಗೆ ಕೇಳಬೇಕು? ಬೂದು ಡಬ್ಬಿಗೆ ಬಾಯಿ ಮಾತ್ರ ಇತ್ತು, ಕಿವಿ ಇರಲಿಲ್ಲ. ಮೈಕ್ ಇರುವ ಸ್ಪೀಕರ್ ಬೇಕಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ಭಾಲ್ಕಿಗೆ ಓಡಿದೆ. ಪ್ರಕಾಶನ ಶಾಖೆಯ ಹತ್ತಿರದ ಅಂಗಡಿಯಲ್ಲಿ ಅಂಥವು ಮೂರ್ನಾಲ್ಕಿದ್ದವು. ಅಂಗಡಿಯ ಯುವಕ ಎಂದಿನಂತೆ ಹಾಡಿಗೆ ಕೈ ಹಾಕಿದ. ಪ್ರಕಾಶ ತಡೆದು, ನನ್ನ ಮೊಬೈಲಿನಿಂದ ಖಾಲಾಗೆ ಕರೆ ಹಚ್ಚಿದ. ಮೊದಲನೆಯದರಲ್ಲಿ ಮುಂದೆ ನಿಂತರಷ್ಟೇ ಅವರಿಗೆ ಕೇಳುತ್ತಿತ್ತು. ಎರಡನೆಯದರಲ್ಲಿ ರಸ್ತೆಯ ಹಾರ್ನೆಲ್ಲ ಕೇಳಿ ನಮ್ಮ ಮಾತು ಮುಳುಗುತ್ತಿತ್ತು. ಮೂರನೆಯದು ಅಂಗೈಯಗಲದ್ದು, ದುಂಡಗೆ, ರೊಟ್ಟಿ ಬಡಿಯುವ ಹಲಗೆಯ ಮರಿಯಂತೆ. ಅದನ್ನು ಮೇಜಿನ ನಡುವೆ ಇಟ್ಟು ಯುವಕ ಅಂಗಡಿಯ ತುದಿಗೆ ಹೋಗಿ ನಿಂತು, "ಖಾಲಾ, ಆವಾಜ್ ಆರೀ ಕ್ಯಾ?" ಎಂದು ಕೂಗಿದ.

"ಆರೀ ಬಾವಾ ಆರೀ! ಚಿಲ್ಲಾ ನಕ್ಕೊ!" ಎಂದು ಡಬ್ಬಿ ಬೈಯಿತು. ದನಿ ಕೇಳುತ್ತಿದೆ, ಚೀರಬೇಡ ಎಂದು. ಇನ್ನೂ ದೂರ, ಬಾಗಿಲ ಬಳಿ ಕೂತಿದ್ದ ಯಾರೋ ಅಜ್ಜ ಸುಮ್ಮನೆ ಕೆಮ್ಮಿದರು. "ಅದ್ಯಾರಿಗಿ ಕೆಮ್ಮು ಹತ್ಯದ? ಶುಂಠಿ ಕಷಾಯ ಕುಡೀಲಾಕ ಹೇಳ್ರಿ," ಎಂದು ಖಾಲಾ ಬೀದರಿನಿಂದ ಔಷಧಿ ಹೇಳಿದರು. ಕಿವಿ ಇರುವ ಸ್ಪೀಕರ್ ಸಿಕ್ಕಿತು ಎಂದು ನಾನು ಪ್ರಕಾಶನ ತೋಳು ಹಿಡಿದು ಕುಲುಕಿದೆ.

ಉಳಿದದ್ದು ಒಂದು ದೊಡ್ಡ ಅಡ್ಡಿ. ಶಾಲೆ ಹಗಲಿನಲ್ಲಿ. ಖಾಲಾ ಹಗಲು ಕಥೆ ಹೇಳುವವರಲ್ಲ. ಭಾನುವಾರ ನಾನು ಅವರ ಅಡುಗೆಮನೆಗೆ ಹೋಗಿ, ಮೊಬೈಲಿನಲ್ಲಿ ಪಾಠ ತೋರಿಸಿ, ಅವರ ಎರಡೂ ಕೈ ಹಿಡಿದುಕೊಂಡೆ. ಮೆಟ್ಟಿಲ ಬಳಿ ಅವರನ್ನು ನೋಯಿಸಿದ್ದಕ್ಕೆ ಕ್ಷಮೆಯೂ ಅದರಲ್ಲಿತ್ತು, ಬೇಡಿಕೆಯೂ ಇತ್ತು. ಅವರು ಕೈ ಬಿಡಿಸಿಕೊಂಡು ಅಕ್ಕಿ ಆರಿಸತೊಡಗಿದರು. "ಪ್ರಕಾಶ ದಿನಾ ಭಾಲ್ಕಿ ಹಾದಿ ಹಿಡಿತಾನ. ನೀ ಔರಾದ್ ಹಾದಿ ಹಿಡೀತಿ. ನಾ ಹಗಲಿನಾಗ ಬಾಯಿ ಬಿಟ್ಟು ನಿಮಗ ಏನರ ಆದ್ರ?" ಅಂದರು. ಆಗ ತಿಳಿಯಿತು, ಅವರ ಮುಸಾಫಿರರು ನಾವೇ. ಕೊನೆಗೆ ಅವರೇ ತಮಗೊಂದು ಸಮಾಧಾನ ಹುಡುಕಿಕೊಂಡರು. "ಸಾಲ್ಯಾಗ ಹೇಳೋದು ಕಥಿ ಅಲ್ಲ, ಸಬಕ್. ಸಬಕ್ ಹಗಲಿನಾಗೇ ಹೇಳ್ಬೇಕು." ಸಬಕ್ ಎಂದರೆ ಪಾಠ.

ಸೋಮವಾರ ಸಾಹೇಬರು ಬಂದರು. ಹಿಂದೆ ಕಾಂಬಳೆ ಸರ್, ಕನ್ನಡಕ ಒರೆಸುತ್ತಾ. ಶಾಲೆಯ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ತರಗತಿಯ ಪೂರ್ವದ ಕಿಟಕಿಯಲ್ಲಿ ಮಾತ್ರ. ಮೊಬೈಲನ್ನು ಆ ಕಿಟಕಿಗಿಟ್ಟು ಸ್ಪೀಕರನ್ನು ಮಕ್ಕಳ ನಡುವೆ ಇಟ್ಟೆ. ಕರೆ ಹೋಯಿತು. "ಹಾಂ, ಮಕ್ಕಳೇ, ಎಲ್ಲರೂ ಅದೀರೇನ್?" ಎಂದು ಡಬ್ಬಿ ಕೇಳಿತು. "ಹೂಂ!" ಎಂದು ಕೋಣೆ ಉತ್ತರಿಸಿತು. ಅಷ್ಟು ದೊಡ್ಡ ಹೂಂ ಅವರು ಬದುಕಿನಲ್ಲಿ ಕೇಳಿರಲಿಕ್ಕಿಲ್ಲ. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ.

ಹೊಸ ಪಾಠ ಕುಂಬಾರನೊಬ್ಬನದು. ಅವನು ಕೆಟ್ಟ ಮಣ್ಣು ತಂದು, ಗಡಿಗೆ ಒಡೆದು, ಮತ್ತೆ ಮಣ್ಣು ಹುಡುಕಿ ಹೊರಟ ಕಡೆಗೆ ಕಥೆ ಬಂದಿತ್ತು. ನಾನು ಹೊಸ ಪದ ಬಂದಾಗೆಲ್ಲ ಹಲಗೆಯ ಮೇಲೆ ಬರೆಯುತ್ತಿದ್ದೆ. ಸಾಹೇಬರು ಕೈ ಕಟ್ಟಿ ಗೋಡೆಗೆ ಒರಗಿದ್ದರು. ಅವರ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕುಂಬಾರ ನಡುದಾರಿಯಲ್ಲೇ ಮಾಯವಾದ. ಕರೆ ಕಡಿದುಹೋಗಿತ್ತು.

ಮಕ್ಕಳು "ಹೂಂ" ಅಂದರು. ಉತ್ತರವಿಲ್ಲ. ಮತ್ತೆ "ಹೂಂ" ಅಂದರು. ನಾನು ಕಿಟಕಿಗೆ ಓಡಿ ಮರಳಿ ಕರೆ ಮಾಡಿದೆ. ಸ್ಪೀಕರಿನಲ್ಲಿ ಹೆಣ್ಣು ದನಿ, ಅಚ್ಚ ಪುಸ್ತಕದ ಕನ್ನಡದಲ್ಲಿ, ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ಮಕ್ಕಳು ಅದಕ್ಕೂ ವಿನಯದಿಂದ "ಹೂಂ" ಅಂದರು.

"ಏನಂದ್ಳು ಅಕಿ?" ಎಂದು ಸಾಹೇಬರು ಮೊದಲ ಸಲ ಬಾಯಿ ಬಿಟ್ಟರು. ಒಬ್ಬರಿಗೂ ಗೊತ್ತಿರಲಿಲ್ಲ. ಕಾಂಬಳೆ ಸರ್ ನೆಲ ನೋಡಿದರು. ನನ್ನ ಬಾಯಿ ತಾನಾಗಿ ತೆರೆಯಿತು. ಎರಡು ಮಾತು, ಬರೀ ಎರಡು ಮಾತಾಡಿದರೆ ಮಕ್ಕಳನ್ನೂ ಉಳಿಸಬಹುದು, ಕೆಲಸವನ್ನೂ ಉಳಿಸಬಹುದು ಅನಿಸಿತು. ಉಸಿರು ಎಳೆದುಕೊಂಡೆ. ಸವಿತಾ ಓಡಿ ಬಂದು ನನ್ನ ಸೀರೆ ಜಗ್ಗಿದಳು.

"ಟೀಚರ್, ನೀವು ಮಾತಾಡಬ್ಯಾಡ್ರಿ! ದನಿ ಹೋಗ್ತದ್ರಿ!" ಆಮೇಲೆ ಸಾಹೇಬರ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದಳು. "ಸರ್, ನಮ್ಮ ಟೀಚರಿಗಿ ಬಾಯಿ ಬಂದ್ ಮಾಡಂದಾರ್ರಿ ಡಾಕ್ಟರು. ನಮಗ ಕೇಳ್ರಿ ನೀವು. ಎಲ್ಲಿತನಾ ಬಂದದ ನಾ ಹೇಳ್ತೇನ್ರಿ."

ಅವರು ಕೇಳಿದರು. ಕುಂಬಾರ ಯಾಕೆ ಅತ್ತ, ಮಣ್ಣು ಹೇಗಿತ್ತು, ಹಲಗೆಯ ಮೇಲಿನ ಈ ಪದ ಏನು, ಅದನ್ನು ಹಾಕಿ ಬೇರೆ ವಾಕ್ಯ ಮಾಡು. ಎಲ್ಲರೂ ಹೇಳಲಿಲ್ಲ. ಇಬ್ಬರು ತಪ್ಪು ಓದಿದರು, ಒಬ್ಬ ಅತ್ತೇಬಿಟ್ಟ. ಆದರೆ 'ವ್ಯಾಪ್ತಿ' ಎಂಬ ಪದವನ್ನು ನಾನು ಹಲಗೆಯ ಮೇಲೆ ಬರೆದು, ಕಿಟಕಿಯಿಂದಾಚೆ ಕೈ ಬೀಸಿ ದೂರ ತೋರಿಸಿದಾಗ, ಹಿಂದಿನ ಸಾಲಿನಿಂದ ಯಾರೋ, "ಟವರ್ ಸಿಗೋ ಜಾಗಾ!" ಎಂದರು. ಸಾಹೇಬರು ನಕ್ಕರು. ಹೊರಗೆ ಹೋಗುವಾಗ ಕಾಂಬಳೆ ಸರ್‌ಗೆ, "ಔರಾದಿನವರಿಗಿ ಬ್ಯಾರೆ ಸಾಲಿ ನೋಡೋಣ. ಇವರನ್ನ ಸದ್ಯ ಇರಗೊಡ್ರಿ" ಅಂದರು. ಸದ್ಯ ಎಂಬ ಪದವನ್ನು ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ನಿಂತೆ. ಅಷ್ಟರಲ್ಲಿ ಸ್ಪೀಕರ್ ರಿಂಗಾಯಿತು. "ಹಲೋ, ಹಲೋ! ಹೂಂ ಅನ್ನೋರೆಲ್ಲ ಎಲ್ಲಿಗಿ ಸತ್ರಿ?" ಎಂದು ಖಾಲಾ ಗುಡುಗಿದರು. ಎಲ್ಲರಿಗಿಂತ ಮೊದಲು ಹೂಂ ಅಂದವರು ಕಾಂಬಳೆ ಸರ್.

ಆಮೇಲೆ ನಾನು ನಿಜವಾಗಿಯೂ ಬಾಯಿ ಮುಚ್ಚಿದೆ. ಹೂಂ ಕೂಡ ಇಲ್ಲ. ಪಾಠದ ಪದಗಳನ್ನು ಖಾಲಾ ಆಡುವ ರೀತಿಯಲ್ಲಿಯೇ ಮನಸ್ಸಿನೊಳಗೆ ಆಡಿಕೊಳ್ಳುತ್ತಾ, ಬಸ್ಸಿನಲ್ಲಿ ಹಿಂದೆ ಮುಂದೆ ಕೂತವರ ಮಾತು ಕೇಳುತ್ತಾ ದಿನ ಕಳೆದೆ. ಬಯಲು ಮೊದಲಿನಷ್ಟು ಖಾಲಿ ಕಾಣುತ್ತಿರಲಿಲ್ಲ. ಮೂರನೇ ಸಲ ಡಾಕ್ಟರು ಪರದೆ ನೋಡಿ, "ಕರಗ್ಯಾದ ನೋಡ್ರಿ. ಹೈದರಾಬಾದ್ ಬ್ಯಾಡ. ನಾಳಿಗಿಂದ ಹಗೂರಕ ಮಾತಾಡ್ರಿ," ಅಂದರು.

ಮರುದಿನ ಭಾನುವಾರ. ಮಹಡಿಯ ಕಟ್ಟೆಯ ಮೇಲೆ ಕೂತು ಮದ್ದೂರಿಗೆ ಫೋನ್ ಮಾಡಿದೆ. ಅವ್ವ ಎತ್ತಿದಳು. ನನ್ನ ದನಿ ಮೊದಲಿಗಿಂತ ದಪ್ಪಗಿತ್ತು, ಅಂಚಿನಲ್ಲಿ ಮರಳಿನಂಥದ್ದೇನೋ ಸೇರಿತ್ತು. ಬಾಯಿಗೆ ಬಂದದ್ದನ್ನು ಆಡಿದೆ.

"ಅವ್ವಾ, ಆರಾಮ ಅದೀರೇನ್ರಿ?"

ಅವ್ವ ಬಹಳ ಮರ್ಯಾದೆಯಿಂದ ಕೇಳಿದಳು. "ಯಾರ್ ತಾಯಿ ನೀವು? ಓನರ್ ಅಮ್ಮಾರಾ? ನಮ್ ಮಂಜುಗೆ ಒಸಿ ಫೋನ್ ಕೊಡ್ತೀರಾ?"

"ಅವ್ವಾ, ನಾನೇ ಕಣವ್ವ! ಮಂಜು ಕಣವ್ವ! ಗಂಟ್ಲು ಒಸಿ ದಪ್ಪ ಆಗೈತೆ ಅಷ್ಟೆಯ!" ಎಂದು ಮದ್ದೂರಿನ ಮಾತಿಗೆ ಹಾರಿದೆ. ಅವ್ವ ಅಳತೊಡಗಿದಳು, ಹಂಗಾರೆ ಮಾತಾಡು, ಇನ್ನೊಂದೀಟು ಮಾತಾಡು ಎಂದಳು. ಕೆಳಗಿನಿಂದ ಖಾಲಾ ಅವರ ದನಿ ಬಂತು.

"ಪ್ರಕಾಶ ಬೇಟಾ, ಮ್ಯಾಲ ಯಾರ್ ಮೆಹಮಾನ್ ಬಂದಾರ? ಹೊರಗಿನವರು ಮಾತಾಡ್ಲತ್ತಂಗ ಕೇಳ್ಲತ್ತದ. ನಮ್ಮ ಮಂಜು ಎಲ್ಲಿಗಿ ಹೋಗ್ಯಾಳ?"

ಫೋನಿನಲ್ಲಿ ಒಬ್ಬಳು, ಮೆಟ್ಟಿಲ ಕೆಳಗೆ ಒಬ್ಬರು, ಇಬ್ಬರೂ ನನ್ನನ್ನೇ ಹುಡುಕುತ್ತಿದ್ದರು. ಇಲ್ಲೇ ಇದ್ದೀನಿ ಎಂದು ಇಬ್ಬರಿಗೂ ಹೇಳಬೇಕಿತ್ತು. ದನಿ ಬಂದಿತ್ತು. ಯಾರಿಗೆ ಮೊದಲು ಹೇಳಲಿ, ಯಾರ ಮಾತಿನಲ್ಲಿ ಹೇಳಲಿ ಎಂದು ತಿಳಿಯದೆ, ಡಾಕ್ಟರು ಮಾತಾಡಲು ಬಿಟ್ಟ ಮೊದಲ ದಿನವೇ ನಾನು ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದೆ.